ಸೂತಕದ ಕಳೆ ಇಲ್ಲದ ಮುಖಗಳು

(ಓದುಗರ ಕೂಟವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಭರದಲ್ಲಿ ಎರಡೆರಡು ಸಲ ಬಂದದ್ದನ್ನು ತೆಗೆದು, ಅಂದು ಸಮಯ ಸಾಲದೆ ಬಿಟ್ಟ ಕೆಲವು ಸಂಗತಿಗಳನ್ನು ಸೇರಿಸಿದ್ದೇನೆ.)

ಕ್ರಿ.ಪೂ. 99ರಲ್ಲಿ ಚೀನಾದ ಹಾನ್ ರಾಜವಂಶದ ಚಕ್ರವರ್ತಿ ವು ಇಬ್ಬರು ಹೆಂಗಸರನ್ನು ರಾಜಧಾನಿ ಚಾಂಗ್‌ಆನ್‌ನ ಅರಮನೆಗೆ ಕರೆಸಿದ. ಒಬ್ಬರು ಸೇನಾನಿ ಲಿ ಲಿಂಗ್‌ನ ತಾಯಿ, ಇನ್ನೊಬ್ಬರು ಅವನ ಹೆಂಡತಿ. ಉತ್ತರದ ಹುಲ್ಲುಗಾವಲಿನಲ್ಲಿ ಲಿ ಲಿಂಗ್‌ನ ಪಡೆ ನಾಶವಾಗಿದೆ ಎಂಬ ಸುದ್ದಿ ಗಡಿ ಠಾಣೆಗಳಿಂದ ಬಂದಿತ್ತು, ಆದರೆ ಅವನು ಏನಾದ ಎಂಬುದು ತಿಳಿದಿರಲಿಲ್ಲ. ಅವನು ಹೋರಾಡುತ್ತಲೇ ಸತ್ತಿರಲಿ ಎಂಬುದು ಚಕ್ರವರ್ತಿಯ ಆಸೆಯಾಗಿತ್ತು. ಅದಕ್ಕಾಗಿ ಅವನು ಒಬ್ಬ ಮುಖಲಕ್ಷಣ ಬಲ್ಲವನನ್ನು ಕರೆಸಿ, ಆ ಇಬ್ಬರ ಮುಖ ನೋಡಿ ಹೇಳು ಎಂದ. ಅವನು ನೋಡಿ, ಇವರ ಮುಖದಲ್ಲಿ ಸೂತಕದ ಕಳೆ ಇಲ್ಲ ಎಂದು ಹೇಳಿದ. ಲಿ ಲಿಂಗ್ ಶರಣಾಗಿದ್ದಾನೆ ಎಂಬ ಸುದ್ದಿ ಆಮೇಲೆ ಬಂತು.

ಬಾನ್ ಗು ಬರೆದ ಹಾನ್ ಚರಿತ್ರೆಯಲ್ಲಿ ಇದು ಒಂದೇ ವಾಕ್ಯದಲ್ಲಿ ಮುಗಿದುಹೋಗುತ್ತದೆ. ಮೊದಲ ಸಲ ಓದಿದಾಗ ಇದೊಂದು ಕಾಲದ ಮೂಢನಂಬಿಕೆಯೆಂದುಕೊಂಡು ನಾನೂ ಮುಂದಕ್ಕೆ ಹೋಗಿದ್ದೆ. ಆದರೆ ಈ ಮನೆತನದ ಮೂರು ತಲೆಮಾರಿನ ಕಥೆಯನ್ನು ಮತ್ತೆ ಮತ್ತೆ ಓದಿದಂತೆ, ಎಲ್ಲವೂ ಈ ಒಂದು ವಾಕ್ಯದಲ್ಲೇ ಇದೆ ಎನಿಸತೊಡಗಿತು. ಪ್ರಭುತ್ವವು ಲಿ ಮನೆತನದಿಂದ ನಿಷ್ಠೆಯನ್ನು ಕೇಳಿತು, ಪಡೆಯಿತು. ಆದರೆ ಆ ಮನೆಯವರು ಯಾರಿಗಾಗಿ, ಯಾವಾಗ, ಎಷ್ಟು ಅಳಬೇಕು ಎಂಬುದನ್ನೂ ಅದು ತಾನೇ ಗೊತ್ತುಮಾಡಿತು. ಇಂದು ನಾನು ಹೇಳಬೇಕೆಂದಿರುವುದು ಅಷ್ಟೇ.

ಲಿ ಮನೆತನದವರು ಇಂದಿನ ಗಾನ್ಸು ಪ್ರಾಂತ್ಯಕ್ಕೆ ಸೇರಿದ ಲಾಂಗ್‌ಸಿ ಸೀಮೆಯವರು. ಬಿಲ್ವಿದ್ಯೆ ಅವರ ಮನೆಯ ಆಸ್ತಿ. ಪೂರ್ವಜ ಲಿ ಸಿನ್ ಚಿನ್ ರಾಜ್ಯದ ಸೇನಾನಿಯಾಗಿದ್ದವನು. ಲಿ ಲಿಂಗ್‌ನ ಅಜ್ಜ ಲಿ ಗ್ವಾಂಗ್ ಕ್ರಿ.ಪೂ. 166ರಲ್ಲಿ, ಉತ್ತರದ ಹುಲ್ಲುಗಾವಲಿನ ಅಲೆಮಾರಿ ಜನರಾದ ಷಿಯೋಂಗ್ನು ಕುದುರೆ ಸವಾರರು ಗಡಿ ದಾಟಿ ಒಳನುಗ್ಗಿದ ವರ್ಷ, ಸೈನ್ಯ ಸೇರಿದ. ಷಿಯೋಂಗ್ನುಗಳೇ ಅವನನ್ನು ಹಾರುವ ಸೇನಾನಿ ಎಂದು ಕರೆದರು. ಕತ್ತಲಲ್ಲಿ ಬಂಡೆಯನ್ನು ಹುಲಿಯೆಂದು ತಿಳಿದು ಅವನು ಬಿಟ್ಟ ಬಾಣ ಕಲ್ಲಿಗೇ ನಾಟಿತು ಎಂಬ ಕಥೆ ಚೀನಾದ ಮಕ್ಕಳಿಗೂ ಗೊತ್ತು. ಸೈನಿಕರೆಲ್ಲ ನೀರು ಕುಡಿಯುವವರೆಗೆ ಅವನು ನೀರಿನ ಹತ್ತಿರ ಸುಳಿಯುತ್ತಿರಲಿಲ್ಲ, ಎಲ್ಲರೂ ಉಂಡ ಮೇಲೆಯೇ ಉಣ್ಣುತ್ತಿದ್ದ ಎಂದು ಆ ಕಾಲದ ಇತಿಹಾಸಕಾರ ಸಿಮಾ ಚಿಯೆನ್ ಬರೆಯುತ್ತಾನೆ.

ಹೀಗಿದ್ದೂ ಲಿ ಗ್ವಾಂಗ್‌ಗೆ ಜಹಗೀರು ಸಿಗಲಿಲ್ಲ. ಇದರ ಕಾರಣವನ್ನು ಅವನ ಹಣೆಬರಹದಲ್ಲಿ ಹುಡುಕುವುದಕ್ಕಿಂತ ಹಾನ್ ಸೈನ್ಯದ ಲೆಕ್ಕದ ಪುಸ್ತಕದಲ್ಲಿ ಹುಡುಕುವುದು ಮೇಲು. ಅಲ್ಲಿ ಕಡಿದ ಶತ್ರುಗಳ ತಲೆ ಒಂದು ಕಡೆಗೆ, ಕಳೆದುಕೊಂಡ ಸೈನಿಕರು ಇನ್ನೊಂದು ಕಡೆಗೆ. ಮೊದಲಿನದು ಹೆಚ್ಚಿದ್ದರೆ ಪದವಿ, ಎರಡನೆಯದು ಹೆಚ್ಚಿದ್ದರೆ ಮರಣದಂಡನೆ. ಹಣ ಕಟ್ಟಿದರೆ ಮರಣದಂಡನೆಯಿಂದ ಬಿಡುಗಡೆ ಸಿಗುತ್ತಿತ್ತು, ಆದರೆ ಪದವಿ ಹೋಗಿ ಸಾಮಾನ್ಯ ಪ್ರಜೆಯಾಗಬೇಕಿತ್ತು. ಕ್ರಿ.ಪೂ. 154ರ ಏಳು ಸಂಸ್ಥಾನಗಳ ದಂಗೆಯಲ್ಲಿ ಲಿ ಗ್ವಾಂಗ್ ಶತ್ರುವಿನ ಧ್ವಜವನ್ನೇ ಕಿತ್ತು ತಂದ. ಆದರೆ ಲಿಯಾಂಗ್ ಸಂಸ್ಥಾನದ ಅರಸ ಕೊಟ್ಟ ಸೇನಾನಿ ಮುದ್ರೆಯನ್ನು ಸ್ವೀಕರಿಸಿದ್ದರಿಂದ ಅವನಿಗೆ ಚಾಂಗ್‌ಆನ್‌ನಿಂದ ಬಹುಮಾನ ಬರಲಿಲ್ಲ. ಕ್ರಿ.ಪೂ. 129ರಲ್ಲಿ ಅವನು ಗಾಯಗೊಂಡು ಸೆರೆಸಿಕ್ಕ. ಎರಡು ಕುದುರೆಗಳ ನಡುವೆ ಬಲೆ ಕಟ್ಟಿ ಅವನನ್ನು ಅದರಲ್ಲಿ ಮಲಗಿಸಿ ಒಯ್ಯುತ್ತಿದ್ದಾಗ, ಸತ್ತಂತೆ ನಟಿಸಿ, ಪಕ್ಕದಲ್ಲಿ ಬರುತ್ತಿದ್ದ ಹುಡುಗನ ಕುದುರೆಯ ಮೇಲೆ ಹಾರಿ, ಅವನ ಬಿಲ್ಲು ಕಸಿದುಕೊಂಡು ತಪ್ಪಿಸಿಕೊಂಡು ಬಂದ. ಹಾಗೆ ಬಂದವನ ಮುಂದೆ ಅಧಿಕಾರಿಗಳು ಲೆಕ್ಕ ಇಟ್ಟರು: ಪಡೆಯ ನಷ್ಟ ಇಷ್ಟು, ಸ್ವತಃ ಸೆರೆಯಾದದ್ದು ಬೇರೆ. ಶಿಕ್ಷೆ ಮರಣ. ಅವನು ಹಣ ಕಟ್ಟಿ ಉಳಿದ. ಕ್ರಿ.ಪೂ. 121ರಲ್ಲಿ ಅವನ 4,000 ಸವಾರರನ್ನು 40,000 ಜನ ಸುತ್ತುವರಿದರು. ಸೈನಿಕರ ಎದೆ ನಡುಗುತ್ತಿದ್ದಾಗ ಅವನ ಮಗ ಲಿ ಗಾನ್ ಕೆಲವೇ ಸವಾರರೊಂದಿಗೆ ಶತ್ರುಗಳ ಸಾಲನ್ನು ಸೀಳಿಕೊಂಡು ಹೋಗಿ ಮರಳಿ ಬಂದ. ಅರ್ಧಕ್ಕಿಂತ ಹೆಚ್ಚು ಜನ ಸತ್ತರು, ಕೊಂದವರ ಸಂಖ್ಯೆ ಅದಕ್ಕಿಂತ ಹೆಚ್ಚಿತ್ತು. ಎರಡೂ ಕಡೆ ಕೂಡಿಸಿ ಕಳೆದು, ಸರಿಸಮವಾಯಿತು, ಬಹುಮಾನವಿಲ್ಲ ಎಂದರು.

ಲಿ ಗ್ವಾಂಗ್ ನಿಷ್ಕಳಂಕನೇನೂ ಅಲ್ಲ. ಪದವಿ ಕಳೆದುಕೊಂಡಿದ್ದ ಕಾಲದಲ್ಲಿ ಒಂದು ರಾತ್ರಿ ಅವನನ್ನು ತಡೆದು ಅವಮಾನಿಸಿದ ಠಾಣಾಧಿಕಾರಿಯನ್ನು, ಮತ್ತೆ ಅಧಿಕಾರ ಬಂದ ಕೂಡಲೇ ತನ್ನ ಪಡೆಗೆ ಕರೆಸಿಕೊಂಡು ಕೊಲ್ಲಿಸಿದ. ಲಾಂಗ್‌ಸಿಯಲ್ಲಿ ಅಧಿಕಾರಿಯಾಗಿದ್ದಾಗ ದಂಗೆಯೆದ್ದ ಚಿಯಾಂಗ್ ಜನರಲ್ಲಿ 800ಕ್ಕೂ ಹೆಚ್ಚು ಮಂದಿಯನ್ನು ನಂಬಿಸಿ ಶರಣಾಗಿಸಿ, ಅದೇ ದಿನ ಕೊಂದಿದ್ದ. ತನಗೇಕೆ ಜಹಗೀರು ಇಲ್ಲ ಎಂದು ಶಕುನ ಬಲ್ಲವನೊಬ್ಬನನ್ನು ಅವನು ಕೇಳಿದಾಗ ಈ ಸಂಗತಿ ಹೊರಬಂತು. ಶರಣಾದವರನ್ನು ಕೊಲ್ಲುವುದಕ್ಕಿಂತ ದೊಡ್ಡ ಅನಿಷ್ಟವಿಲ್ಲ ಎಂದು ಶಕುನದವನು ಉತ್ತರಿಸಿದ. ಮೊಮ್ಮಗ ಮುಂದೆ ಶರಣಾಗುವವನು ಎಂಬುದನ್ನು ಬಲ್ಲ ನಮಗೆ ಈ ಮಾತು ಬೇರೆಯೇ ಆಗಿ ಕೇಳಿಸುತ್ತದೆ.

ಕ್ರಿ.ಪೂ. 119ರಲ್ಲಿ ಗೋಬಿ ಮರುಭೂಮಿಯ ಆಚೆಗೆ ದಂಡಯಾತ್ರೆ ಹೊರಟಿತು. ಅರವತ್ತು ದಾಟಿದ್ದ ಲಿ ಗ್ವಾಂಗ್ ಬೇಡಿ ಬೇಡಿ ಮುಂಚೂಣಿಯ ಸ್ಥಾನ ಪಡೆದ. ಆದರೆ ಚಕ್ರವರ್ತಿ ಮಹಾಸೇನಾನಿ ವೆಯ್ ಚಿಂಗ್‌ಗೆ ಗುಟ್ಟಾಗಿ ಹೇಳಿಕಳಿಸಿದ್ದ: ಇವನಿಗೆ ವಯಸ್ಸಾಗಿದೆ, ಅದೃಷ್ಟ ನೆಟ್ಟಗಿಲ್ಲ, ಷಿಯೋಂಗ್ನು ದೊರೆಯ ಎದುರಿಗೆ ಇವನನ್ನು ನಿಲ್ಲಿಸಬೇಡ. ವೆಯ್ ಚಿಂಗ್‌ಗೆ ಇನ್ನೊಂದು ಕಾರಣವೂ ಇತ್ತು. ಅವನ ಹಳೆಯ ಗೆಳೆಯ ಗೊಂಗ್‌ಸುನ್ ಆವೊ ಪದವಿ ಕಳೆದುಕೊಂಡಿದ್ದ, ಗೆಲುವಿನಲ್ಲಿ ಅವನಿಗೊಂದು ಪಾಲು ಕೊಡಬೇಕಿತ್ತು. ಈ ಹೆಸರನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಲಿ ಗ್ವಾಂಗ್‌ನನ್ನು ಬಳಸುದಾರಿಯ ಪೂರ್ವ ದಿಕ್ಕಿಗೆ ಕಳಿಸಿದರು. ಮಾರ್ಗದರ್ಶಿಯಿಲ್ಲದೆ ದಾರಿ ತಪ್ಪಿತು, ಯುದ್ಧ ಮುಗಿದ ಮೇಲೆ ಅವನು ತಲುಪಿದ. ವಿಚಾರಣೆಗೆ ಅವನ ಕೈಕೆಳಗಿನವರನ್ನು ಕರೆದಾಗ, ತಪ್ಪು ಅವರದಲ್ಲ, ನನ್ನದು ಎಂದ. ಎಪ್ಪತ್ತಕ್ಕೂ ಹೆಚ್ಚು ಕಾಳಗ ಮಾಡಿದ್ದೇನೆ, ಈ ವಯಸ್ಸಿನಲ್ಲಿ ಕಡತ ಬರೆಯುವ ಗುಮಾಸ್ತರ ಮುಂದೆ ನಿಲ್ಲಲಾರೆ ಎಂದು ಹೇಳಿ ಕತ್ತಿಯಿಂದ ಕುತ್ತಿಗೆ ಕೊಯ್ದುಕೊಂಡ. ಆ ಕಾಲದಲ್ಲಿ ಗುಮಾಸ್ತರು ಮರದ ಪಟ್ಟಿಗಳ ಮೇಲೆ ಕುಂಚದಿಂದ ಬರೆದು, ತಪ್ಪಾದದ್ದನ್ನು ಚೂರಿಯಿಂದ ಕೆರೆಯುತ್ತಿದ್ದರು, ಆದ್ದರಿಂದ ಅವರಿಗೆ ಚೂರಿ ಕುಂಚದವರು ಎಂದೇ ಹೆಸರು. ಷಿಯೋಂಗ್ನುಗಳಿಗೆ ಅಂಜದವನು ಅಂಜಿದ್ದು ಆ ಪಟ್ಟಿಗಳಿಗೆ. ಅವನ ಪಡೆ ಅತ್ತಿತು, ಕಂಡವರು ಕಾಣದವರು ಎನ್ನದೆ ಮುದುಕರೂ ಹರೆಯದವರೂ ಕಣ್ಣೀರಿಟ್ಟರು. ಈ ಮನೆತನದ ಇಡೀ ಕಥೆಯಲ್ಲಿ ಬಹಿರಂಗವಾಗಿ, ಯಾರ ಅಪ್ಪಣೆಯೂ ಇಲ್ಲದೆ ಜನ ಅತ್ತದ್ದು ಇದೊಂದೇ ಸಲ.

ಮಗ ಲಿ ಗಾನ್ ಅದೇ ದಂಡಯಾತ್ರೆಯಲ್ಲಿ ಯುವಸೇನಾನಿ ಹುವೊ ಚುಬಿಂಗ್‌ನ ಕೈಕೆಳಗೆ ಹೋರಾಡಿ, ತಂದೆಗೆ ಕೊನೆಗೂ ಸಿಗದಿದ್ದ ಪದವಿಯನ್ನು ಪಡೆದಿದ್ದ. ತಂದೆಯ ಸಾವಿಗೆ ವೆಯ್ ಚಿಂಗ್ ಕಾರಣನೆಂಬ ಸಿಟ್ಟಿನಲ್ಲಿ ಅವನನ್ನು ಹೊಡೆದು ಗಾಯಗೊಳಿಸಿದ. ವೆಯ್ ಚಿಂಗ್ ಅದನ್ನು ಮುಚ್ಚಿಟ್ಟ, ಅವನ ದೊಡ್ಡತನವೋ ಪಾಪಪ್ರಜ್ಞೆಯೋ, ಗ್ರಂಥ ಹೇಳುವುದಿಲ್ಲ. ಆದರೆ ವೆಯ್ ಚಿಂಗ್‌ನ ಸೋದರಳಿಯನೇ ಆಗಿದ್ದ ಹುವೊ ಚುಬಿಂಗ್ ಮುಚ್ಚಿಡಲಿಲ್ಲ. ಗಾನ್‌ಚುವಾನ್ ಅರಮನೆಯ ಬೇಟೆಯಲ್ಲಿ ಲಿ ಗಾನ್‌ನನ್ನು ಬಾಣ ಬಿಟ್ಟು ಕೊಂದ. ಹುವೊ ಚುಬಿಂಗ್ ಚಕ್ರವರ್ತಿಗೆ ಅಚ್ಚುಮೆಚ್ಚಿನವನು. ಹಾಗಾಗಿ ಜಿಂಕೆ ತಿವಿದು ಸತ್ತ ಎಂದು ಅರಮನೆಯಿಂದ ಪ್ರಕಟಣೆ ಹೊರಟಿತು. ಮನೆಯವರು ಯಾವ ಸಾವಿಗೆ ಅಳಬೇಕು? ಬಾಣದ ಸಾವಿಗೆ ಅತ್ತರೆ ಚಕ್ರವರ್ತಿಯ ಮಾತು ಸುಳ್ಳೆಂದಂತೆ, ಜಿಂಕೆಯ ಸಾವಿಗೆ ಅತ್ತರೆ ಸತ್ತವನಿಗೆ ದ್ರೋಹ.

ಲಿ ಲಿಂಗ್ ಹುಟ್ಟುವ ಮೊದಲೇ ಅವನ ತಂದೆ, ಲಿ ಗಾನ್‌ನ ಹಿರಿಯಣ್ಣ, ತೀರಿಕೊಂಡಿದ್ದ. ಅಂದರೆ, ಸೂತಕದ ಕಳೆ ಇಲ್ಲ ಎಂದು ಯಾರ ಮುಖವನ್ನು ನೋಡಿ ಹೇಳಲಾಯಿತೋ ಆ ತಾಯಿ ಬಸುರಿಯಿದ್ದಾಗಲೇ ವಿಧವೆಯಾದವರು. ಮಾವ, ಇಬ್ಬರು ಮೈದುನರು, ಗಂಡ ಎಲ್ಲರನ್ನೂ ಕಳೆದುಕೊಂಡ ಮುಖ ಅದು.

ಕ್ರಿ.ಪೂ. 99ರ ದಂಡಯಾತ್ರೆಯ ಮುಖ್ಯಸ್ಥ ಲಿ ಗ್ವಾಂಗ್‌ಲಿ, ಚಕ್ರವರ್ತಿಯ ಪ್ರೀತಿಯ ರಾಣಿಯೊಬ್ಬಳ ಅಣ್ಣ. ಹೆಸರು ಹೋಲಿದರೂ ಈ ಮನೆತನಕ್ಕೆ ಸಂಬಂಧವಿಲ್ಲ. ಅವನ ಸರಕು ಬಂಡಿಗಳಿಗೆ ಕಾವಲಿರು ಎಂದು ಲಿ ಲಿಂಗ್‌ಗೆ ಆಜ್ಞೆಯಾಯಿತು. ಅಜ್ಜನಿಗೆ ಬಳಸುದಾರಿ, ಮೊಮ್ಮಗನಿಗೆ ಸರಕು ಬಂಡಿ. ಲಿ ಲಿಂಗ್ ಒಪ್ಪದೆ ಬೇರೆಯಾಗಿ ಹೋಗುವೆನೆಂದ. ಕೊಡಲು ಕುದುರೆಗಳಿಲ್ಲ ಎಂದು ಚಕ್ರವರ್ತಿ ಹೇಳಿದಾಗ, 5,000 ಕಾಲಾಳುಗಳು ಸಾಕು ಎಂದ. ಈ ಹುಂಬತನವನ್ನು ನಾನು ಸಮರ್ಥಿಸಲಾರೆ. ಬಯಲುಸೀಮೆಯ ಕುದುರೆ ಸವಾರರ ಎದುರು ಕಾಲಾಳುಗಳನ್ನು ಒಯ್ಯುವುದು ಎಂಥದೆಂದು ಅವನ ಮನೆಯವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು? ಆದರೆ ಮೂರು ತಲೆಮಾರಿನ ಬಾಕಿಯನ್ನು ಒಂದೇ ಏಟಿಗೆ ತೀರಿಸಿಬಿಡುವ ತವಕ ಅದರಲ್ಲಿ ಕಾಣುತ್ತದೆ.

ಅವರು ಇಂದಿನ ಒಳ ಮಂಗೋಲಿಯಾದ ಜುಯಾನ್ ಠಾಣೆಯಿಂದ ಹೊರಟು ಮೂವತ್ತು ದಿನ ಉತ್ತರಕ್ಕೆ ನಡೆದು ಜುನ್‌ಜಿ ಪರ್ವತ ತಲುಪಿದರು. ಅಲ್ಲಿ ಷಿಯೋಂಗ್ನು ದೊರೆಯ 30,000 ಸವಾರರು ಎದುರಾದರು. ಲಿ ಲಿಂಗ್ ಬಂಡಿಗಳನ್ನೇ ಕೋಟೆಯಾಗಿ ಕಟ್ಟಿ, ಮುಂದೆ ಈಟಿ ಗುರಾಣಿಯವರನ್ನೂ ಹಿಂದೆ ಬಿಲ್ಲಿನವರನ್ನೂ ನಿಲ್ಲಿಸಿ ಅವರನ್ನು ಹಿಮ್ಮೆಟ್ಟಿಸಿದ. ದೊರೆ ಇನ್ನಷ್ಟು ಜನರನ್ನು ಕರೆಸಿದ, 80,000ಕ್ಕೂ ಮೇಲಾಯಿತು. ದಿನಗಟ್ಟಲೆ ಹೋರಾಡುತ್ತಾ ದಕ್ಷಿಣಕ್ಕೆ ಸರಿಯುವಾಗ, ಮೂರು ಗಾಯವಾದವರನ್ನು ಬಂಡಿಯಲ್ಲಿ ಕೂರಿಸಿದರು, ಎರಡು ಗಾಯವಾದವರು ಬಂಡಿ ನಡೆಸಿದರು, ಒಂದು ಗಾಯವಾದವರು ಆಯುಧ ಹಿಡಿದರು. ಪಡೆಯ ಹುರುಪು ಏಕೆ ಕುಗ್ಗಿದೆ ಎಂದು ಹುಡುಕಿದಾಗ ಬಂಡಿಗಳಲ್ಲಿ ಅಡಗಿದ್ದ ಹೆಂಗಸರು ಸಿಕ್ಕರು, ಗಡಿಗೆ ಗಡೀಪಾರಾದ ಕುಟುಂಬಗಳ ಬಡ ಹೆಂಗಸರು. ಲಿ ಲಿಂಗ್ ಅವರೆಲ್ಲರ ತಲೆ ಕಡಿಸಿದ. ಅವನ ದುರಂತಕ್ಕೆ ಮರುಗುವವರು ಈ ಸಾಲನ್ನು ದಾಟಿಕೊಂಡು ಹೋಗುವುದುಂಟು. ಆ ಹೆಂಗಸರಿಗಾಗಿ ಅತ್ತವರ ದಾಖಲೆ ಎಲ್ಲೂ ಇಲ್ಲ.

ಷಿಯೋಂಗ್ನು ದೊರೆ ಇನ್ನೇನು ಹಿಂದಿರುಗುವುದರಲ್ಲಿದ್ದ. ಅಷ್ಟರಲ್ಲಿ ಮೇಲಧಿಕಾರಿಯಿಂದ ಅವಮಾನಗೊಂಡಿದ್ದ ಗ್ವಾನ್ ಗಾನ್ ಎಂಬ ಕೆಳದರ್ಜೆಯ ಅಧಿಕಾರಿ ಆ ಕಡೆಗೆ ಓಡಿಹೋಗಿ, ಇವರಿಗೆ ಹಿಂದಿನಿಂದ ಯಾರ ನೆರವೂ ಇಲ್ಲ, ಬಾಣಗಳೂ ಮುಗಿಯುತ್ತಿವೆ ಎಂದು ಹೇಳಿಬಿಟ್ಟ. ಒಂದೇ ದಿನದಲ್ಲಿ ಐದು ಲಕ್ಷ ಬಾಣಗಳು ಖರ್ಚಾದವು. ಕೊನೆಗೆ ಬಂಡಿ ಚಕ್ರದ ಅರೆಕಾಲುಗಳನ್ನು ಕಡಿದು ಹಿಡಿದರು, ಗುಮಾಸ್ತರು ಕೆರೆಯುವ ಚೂರಿಗಳನ್ನು ಹಿಡಿದರು. ಇನ್ನು ತಲೆಗೆ ಕೆಲವು ಹತ್ತು ಬಾಣಗಳಿದ್ದಿದ್ದರೆ ಪಾರಾಗುತ್ತಿದ್ದೆವು ಎಂದ ಲಿ ಲಿಂಗ್. ಧ್ವಜಗಳನ್ನು ಕತ್ತರಿಸಿ ಹೂತರು. ಉಳಿದವರಿಗೆ ತಲೆಗೆ ಎರಡು ಅಳತೆ ಒಣ ಅನ್ನ, ಒಂದು ತುಂಡು ಮಂಜುಗಡ್ಡೆ ಹಂಚಿದರು. ನಡುರಾತ್ರಿ ಸೈನಿಕರನ್ನು ಎಬ್ಬಿಸಲು ನಗಾರಿ ಬಾರಿಸಿದರೆ ಅದು ದನಿಗೊಡಲಿಲ್ಲ. ಜೊತೆಗಾರ ಹಾನ್ ಯಾನ್‌ನಿಯನ್ ಕಾದಾಡುತ್ತ ಸತ್ತ. ಚಕ್ರವರ್ತಿಗೆ ತೋರಿಸಲು ನನಗೆ ಮುಖವಿಲ್ಲ ಎಂದು ಹೇಳಿ ಲಿ ಲಿಂಗ್ ಶರಣಾದ. ಗಡಿ ಅಲ್ಲಿಂದ 100 ಲಿಗಿಂತ ಸ್ವಲ್ಪ ಹೆಚ್ಚು, ನಮ್ಮ ಲೆಕ್ಕದಲ್ಲಿ ಸುಮಾರು 40 ಕಿಲೋಮೀಟರ್ ದೂರದಲ್ಲಿತ್ತು. 400ಕ್ಕೂ ಹೆಚ್ಚು ಜನ ಅದನ್ನು ಮುಟ್ಟಿದರು.

ಗೆಲುವಿನ ಸುದ್ದಿ ಬಂದಾಗ ಬಟ್ಟಲೆತ್ತಿ ಹಾರೈಸಿದ್ದ ಆಸ್ಥಾನಿಕರು ಈಗ ಒಕ್ಕೊರಲಿನಿಂದ ಲಿ ಲಿಂಗ್‌ನನ್ನು ದೂಷಿಸಿದರು. ಚಕ್ರವರ್ತಿ ಕೇಳಿದಾಗ ಅವನ ಪರವಾಗಿ ಮಾತಾಡಿದವನು ಅರಮನೆಯ ಇತಿಹಾಸಕಾರ ಸಿಮಾ ಚಿಯೆನ್ ಒಬ್ಬನೇ. ಅವನು ಲಿ ಲಿಂಗ್‌ನ ಗೆಳೆಯನೂ ಅಲ್ಲ. ನಾವಿಬ್ಬರೂ ಒಂದು ಬಟ್ಟಲು ಮದ್ಯವನ್ನೂ ಕೂಡಿ ಕುಡಿದವರಲ್ಲ ಎಂದು ಅವನೇ ಮುಂದೆ ರೆನ್ ಆನ್ ಎಂಬ ಅಧಿಕಾರಿಗೆ ಬರೆದ ಪತ್ರದಲ್ಲಿ ಹೇಳುತ್ತಾನೆ. ಲಿ ಲಿಂಗ್‌ನನ್ನು ಹೊಗಳಿದರೆ ರಾಣಿಯ ಅಣ್ಣನನ್ನು ತೆಗಳಿದಂತೆ ಎಂದು ತೀರ್ಮಾನವಾಗಿ, ಅವನಿಗೆ ಚಕ್ರವರ್ತಿಯನ್ನು ವಂಚಿಸಿದ ಅಪರಾಧ ಹೊರಿಸಿದರು. ಲಿ ಗ್ವಾಂಗ್‌ನಂತೆ ಹಣ ಕಟ್ಟಿ ಬಿಡಿಸಿಕೊಳ್ಳೋಣವೆಂದರೆ ಮನೆಯಲ್ಲಿ ಹಣವಿರಲಿಲ್ಲ. ಕ್ರಿ.ಪೂ. 97ರ ಒಂದು ಆಜ್ಞೆಯಲ್ಲಿ ಮರಣದಂಡನೆಯನ್ನು ಒಂದು ಮೆಟ್ಟಿಲು ಇಳಿಸಲು ಐದು ಲಕ್ಷ ನಾಣ್ಯ ಎಂದಿದೆ, ಸಣ್ಣ ಅಧಿಕಾರಿಗೆ ಎಟುಕುವ ಮೊತ್ತವಲ್ಲ ಅದು. ಬರೆಯುತ್ತಿದ್ದ ಚರಿತ್ರೆ ಅರ್ಧದಲ್ಲಿ ನಿಲ್ಲಬಾರದೆಂದು ಸಿಮಾ ಚಿಯೆನ್ ಸಾವಿನ ಬದಲು ವೃಷಣಚ್ಛೇದನದ ಶಿಕ್ಷೆಯನ್ನು ಅನುಭವಿಸಿ ಬದುಕಿದ. ಲಿ ಗ್ವಾಂಗ್‌ನ ಪಡೆ ಅತ್ತದ್ದೂ ಜಿಂಕೆಯ ಸುಳ್ಳೂ ನಮಗೆ ಗೊತ್ತಾದದ್ದು ಆ ಚರಿತ್ರೆಯಿಂದ.

ಚಕ್ರವರ್ತಿಗೆ ಆಮೇಲೆ ಪಶ್ಚಾತ್ತಾಪವಾಯಿತು. ಲಿ ಲಿಂಗ್‌ನನ್ನು ಕರೆತರಲು ಅವನು ಕಳಿಸಿದ್ದು ಬೇರಾರನ್ನೂ ಅಲ್ಲ, ಅದೇ ಗೊಂಗ್‌ಸುನ್ ಆವೊನನ್ನು. ಅವನು ಬರಿಗೈಯಲ್ಲಿ ಮರಳಿ, ಲಿ ಲಿಂಗ್ ಷಿಯೋಂಗ್ನುಗಳಿಗೆ ಯುದ್ಧವಿದ್ಯೆ ಕಲಿಸುತ್ತಿದ್ದಾನೆಂದು ಸೆರೆಯಾಳೊಬ್ಬ ಹೇಳಿದ ಎಂದು ವರದಿ ಮಾಡಿದ. ಆ ಮಾತಿನ ಮೇಲೆ ಲಿ ಲಿಂಗ್‌ನ ತಾಯಿ, ಹೆಂಡತಿ, ಮಕ್ಕಳು ಎಲ್ಲರನ್ನೂ ಕೊಲ್ಲಲಾಯಿತು. ಲಾಂಗ್‌ಸಿಯ ಕುಲೀನರು ಅಂದಿನಿಂದ ಲಿ ಎಂಬ ಹೆಸರಿಗೇ ನಾಚಿದರು. ಕೆಲಕಾಲದ ನಂತರ ಬಂದ ಹಾನ್ ರಾಯಭಾರಿಯನ್ನು ಲಿ ಲಿಂಗ್, ನನ್ನ ಮನೆಯವರನ್ನು ಏಕೆ ಕೊಂದಿರಿ ಎಂದು ಕೇಳಿದಾಗ ಕಾರಣ ತಿಳಿಯಿತು. ಯುದ್ಧವಿದ್ಯೆ ಕಲಿಸುತ್ತಿದ್ದವನು ಲಿ ಸು ಎಂಬ ಬೇರೊಬ್ಬ, ಮೊದಲೇ ಶರಣಾಗಿದ್ದ ಗಡಿ ಅಧಿಕಾರಿ. ಲಿ ಲಿಂಗ್ ಅವನನ್ನು ಕೊಲ್ಲಿಸಿದ. ಆಮೇಲೆ ಷಿಯೋಂಗ್ನು ದೊರೆಯ ಮಗಳನ್ನು ಮದುವೆಯಾಗಿ, ಅಲ್ಲಿಯ ಪದವಿ ಪಡೆದು, ಕ್ರಿ.ಪೂ. 90ರಲ್ಲಿ ಹಾನ್ ಸೈನ್ಯದ ವಿರುದ್ಧ ಹೋರಾಡಿದ.

ನಮ್ಮ ಹಳೆಯ ಶಾಸನಗಳಲ್ಲಿ ಜೋಳವಾಳಿ ಎಂಬ ಮಾತು ಬರುತ್ತದೆ. ಒಡೆಯನ ಜೋಳ ಉಂಡದ್ದಕ್ಕೆ ತೆರಬೇಕಾದ ಋಣ ಎಂದು ಅದರ ಅರ್ಥ. ಹಾನ್ ನಿಷ್ಠೆಯನ್ನೂ ಹಾಗೆಯೇ ಅರ್ಥಮಾಡಿಕೊಳ್ಳಬಹುದೆಂದು ನಾನು ಮೊದಲು ಭಾವಿಸಿದ್ದೆ, ಆದರೆ ಅದು ಅಷ್ಟು ಸರಿಹೊಂದುವುದಿಲ್ಲ. ಇಲ್ಲಿ ಋಣ ತೀರಿಸುವವನು ಒಬ್ಬ, ಅಡವಿಟ್ಟಿರುವುದು ಇಡೀ ಮನೆಯನ್ನು. ಅಡವಿಟ್ಟ ವಸ್ತುವನ್ನು ಸಾಲ ಕೊಟ್ಟವನೇ ನಾಶ ಮಾಡಿದ ಮೇಲೆ ಸಾಲ ಉಳಿಯುತ್ತದೆಯೇ? ಲಿ ಲಿಂಗ್‌ನ ಉಳಿದ ಬದುಕೆಲ್ಲ ಈ ಪ್ರಶ್ನೆಯಲ್ಲಿ ಸವೆಯಿತು.

ಇದಕ್ಕೆ ಬೇರೆ ಉತ್ತರ ಕೊಟ್ಟವನು ಸು ವು. ಬಾನ್ ಗು ಈ ಎರಡು ಮನೆತನಗಳನ್ನು ಒಂದೇ ಅಧ್ಯಾಯದಲ್ಲಿ ಇಟ್ಟಿರುವುದು ಆಕಸ್ಮಿಕವಲ್ಲ. ಕ್ರಿ.ಪೂ. 100ರಲ್ಲಿ ರಾಯಭಾರಿಯಾಗಿ ಹೋದ ಸು ವುನನ್ನು ಷಿಯೋಂಗ್ನುಗಳು ಹಿಡಿದಿಟ್ಟು, ಇಂದಿನ ಬೈಕಲ್ ಸರೋವರವೆಂದು ಹೇಳಲಾಗುವ ಉತ್ತರದ ಸಮುದ್ರದ ದಂಡೆಗೆ ಟಗರು ಕಾಯಲು ಅಟ್ಟಿದ್ದರು, ಟಗರು ಮರಿ ಹಾಕಿದ ದಿನ ಬಿಡುಗಡೆ ಎಂದಿದ್ದರು. ಅವನ ಮನವೊಲಿಸಲು ದೊರೆ ಲಿ ಲಿಂಗ್‌ನನ್ನೇ ಕಳಿಸಿದ. ಲಿ ಲಿಂಗ್ ಹಳೆಯ ಪರಿಚಯಸ್ಥನ ಮುಂದೆ ಕೂತು ಅವನ ಮನೆಯ ಸುದ್ದಿ ಹೇಳಿದ. ಚಕ್ರವರ್ತಿಯ ರಥ ಕಂಬಕ್ಕೆ ತಾಗಿ ಮೂಕಿ ಮುರಿದದ್ದಕ್ಕೆ ಅಪರಾಧಿಯಾಗಿ ಅಣ್ಣ ಕತ್ತಿಯಿಂದ ಸತ್ತ, ಅವನನ್ನು ಮಣ್ಣು ಮಾಡಲು ಇಪ್ಪತ್ತು ಲಕ್ಷ ನಾಣ್ಯ ಮಂಜೂರಾಯಿತು. ತಲೆಮರೆಸಿಕೊಂಡ ನಪುಂಸಕ ಅಧಿಕಾರಿಯೊಬ್ಬನನ್ನು ಹಿಡಿಯಲಾಗದೆ ತಮ್ಮ ವಿಷ ಕುಡಿದ. ನಿನ್ನ ತಾಯಿ ತೀರಿಕೊಂಡರು, ಶವದೊಂದಿಗೆ ನಾನೇ ಹೋಗಿದ್ದೆ. ಹೆಂಡತಿ ಮರುಮದುವೆಯಾದಳೆಂದು ಕೇಳಿದ್ದೇನೆ. ಸು ವು ಒಪ್ಪಲಿಲ್ಲ. ಮಗ ತಂದೆಗಾಗಿ ಸತ್ತರೆ ಕೊರಗುವುದೇನಿದೆ ಎಂದ. ಲಿ ಲಿಂಗ್ ಅತ್ತು, ತನ್ನ ಪಾಪ ಆಕಾಶ ಮುಟ್ಟಿದೆ ಎಂದು ಹೇಳಿ ಹೊರಟುಹೋದ. ತಾನೇ ಏನಾದರೂ ಕೊಡಲು ನಾಚಿ, ಹೆಂಡತಿಯ ಕೈಯಿಂದ ಹತ್ತಾರು ದನ ಕುರಿಗಳನ್ನು ಕೊಡಿಸಿದ.

ವು ಚಕ್ರವರ್ತಿ ಕ್ರಿ.ಪೂ. 87ರಲ್ಲಿ ತೀರಿಕೊಂಡ. ಎಳೆಯ ಚಕ್ರವರ್ತಿಯ ಹೆಸರಿನಲ್ಲಿ ಆಡಳಿತ ನಡೆಸಿದವನು ಹುವೊ ಗುವಾಂಗ್, ಲಿ ಗಾನ್‌ನನ್ನು ಕೊಂದ ಹುವೊ ಚುಬಿಂಗ್‌ನ ಮಲತಮ್ಮ. ಅವನಿಗೆ ಲಿ ಲಿಂಗ್ ಮೊದಲಿನಿಂದಲೂ ಸ್ನೇಹಿತ. ಅವನನ್ನು ಕರೆತರಲೆಂದು ಲಾಂಗ್‌ಸಿಯ ಹಳೆಯ ಗೆಳೆಯ ರೆನ್ ಲಿಜೆಂಗ್‌ನನ್ನು ಕಳಿಸಿದ. ಔತಣದಲ್ಲಿ ಖಾಸಗಿಯಾಗಿ ಮಾತಾಡಲು ಆಗದೆ ರೆನ್ ಲಿಜೆಂಗ್ ಮತ್ತೆ ಮತ್ತೆ ತನ್ನ ಕತ್ತಿಯ ಹಿಡಿಯ ಬಳೆಯನ್ನು ಸವರಿದ. ಚೀನೀ ಭಾಷೆಯಲ್ಲಿ ಬಳೆಗೂ ಮರಳುವುದಕ್ಕೂ ಉಚ್ಚಾರ ಒಂದೇ. ಇನ್ನೊಂದು ದಿನ, ದೇಶದಲ್ಲಿ ಎಲ್ಲರಿಗೂ ಕ್ಷಮಾದಾನ ಸಿಕ್ಕಿದೆ, ಎಲ್ಲ ಶಾಂತವಾಗಿದೆ ಎಂದು ಗಟ್ಟಿಯಾಗಿಯೇ ಹೇಳಿದ. ಲಿ ಲಿಂಗ್ ಬಹಳ ಹೊತ್ತು ಸುಮ್ಮನಿದ್ದು, ಷಿಯೋಂಗ್ನು ರೀತಿಯಲ್ಲಿ ಕಟ್ಟಿದ್ದ ತನ್ನ ತಲೆಗೂದಲನ್ನು ಸವರಿ, ನಾನು ಈಗಾಗಲೇ ಇವರ ಉಡುಪು ತೊಟ್ಟಿದ್ದೇನೆ ಎಂದ. ಕಡೆಗೆ ಹೇಳಿದ್ದು, ಮರಳುವುದು ಸುಲಭ, ಆದರೆ ಗಂಡಸಾದವನು ಎರಡನೆಯ ಸಲ ಅವಮಾನ ತಾಳಲಾರ ಎಂದು. ಅವಮಾನ ಎಂದರೆ ಗುಮಾಸ್ತರ ವಿಚಾರಣೆ ಎಂಬುದು ನನ್ನ ಊಹೆ, ಅಜ್ಜನ ಮಾತಿನ ಪ್ರತಿಧ್ವನಿ ಅದರಲ್ಲಿ ಕೇಳಿಸುತ್ತದೆ.

ಕ್ರಿ.ಪೂ. 81ರಲ್ಲಿ, ಹತ್ತೊಂಬತ್ತು ವರ್ಷಗಳ ನಂತರ ಸು ವುಗೆ ಬಿಡುಗಡೆಯಾಯಿತು. ಬೀಳ್ಕೊಡುವ ಔತಣದಲ್ಲಿ ಲಿ ಲಿಂಗ್ ಎದ್ದು ಕುಣಿದು ಹಾಡಿದ. ತಾಯಿ ಸತ್ತಾಗಿದೆ, ಋಣ ತೀರಿಸಬೇಕೆಂದರೂ ಮರಳುವುದು ಎಲ್ಲಿಗೆ ಎಂದು ಆ ಹಾಡು ಮುಗಿಯುತ್ತದೆ. (ಸು ವುಗೆ ಲಿ ಲಿಂಗ್ ಬರೆದನೆನ್ನುವ ಪ್ರಸಿದ್ಧ ಪತ್ರ ನಂತರದ ಕಾಲದ್ದೆಂದು ವಿದ್ವಾಂಸರು ಬಹುಮಟ್ಟಿಗೆ ಒಪ್ಪಿರುವುದರಿಂದ ಅದನ್ನು ನಾನು ಬಳಸಿಲ್ಲ.) ಸಾವಿನ ಸುದ್ದಿ ಬಂದು ಅಷ್ಟು ವರ್ಷಗಳಾದ ಮೇಲೆ, ಶತ್ರುಗಳ ನಾಡಿನಲ್ಲಿ, ಅವನಿಗೆ ತಾಯಿಗಾಗಿ ನಾಲ್ಕು ಜನರ ಮುಂದೆ ಅಳಲು ಸಾಧ್ಯವಾಯಿತು.

ಸು ವುಗೆ ಇಪ್ಪತ್ತು ಲಕ್ಷ ನಾಣ್ಯ, ಹೊಲ, ಮನೆ ಸಿಕ್ಕವು. ಮರುವರ್ಷವೇ ಅವನ ಮಗ ಸು ಯುವಾನ್ ಒಂದು ರಾಜದ್ರೋಹದ ಸಂಚಿನಲ್ಲಿ ಸಿಕ್ಕಿ ಮರಣದಂಡನೆಗೆ ಗುರಿಯಾದ. ಮುದುಕನಾದ ಸು ವುಗೆ ಮಕ್ಕಳಿಲ್ಲವೆಂದು ಮುಂದಿನ ಚಕ್ರವರ್ತಿ ಮರುಗಿ ವಿಚಾರಿಸಿದಾಗ, ಷಿಯೋಂಗ್ನು ಹೆಂಡತಿಯಲ್ಲಿ ಒಬ್ಬ ಮಗನಿರುವುದು ತಿಳಿದು, ಚಿನ್ನ ರೇಷ್ಮೆ ಕೊಟ್ಟು ಅವನನ್ನು ಬಿಡಿಸಿ ತಂದರು.

ಲಿ ಲಿಂಗ್ ಕ್ರಿ.ಪೂ. 74ರಲ್ಲಿ ಹುಲ್ಲುಗಾವಲಿನಲ್ಲೇ ತೀರಿಕೊಂಡ. ಅವನಿಗೂ ಅಲ್ಲಿ ಒಬ್ಬ ಮಗನಿದ್ದ. ಕ್ರಿ.ಪೂ. 56ರಲ್ಲಿ ಷಿಯೋಂಗ್ನುಗಳಲ್ಲಿ ಐದಾರು ಜನ ದೊರೆತನಕ್ಕಾಗಿ ಕಾದಾಡುತ್ತಿದ್ದಾಗ ಈ ಮಗ ಒಬ್ಬನನ್ನು ದೊರೆಯೆಂದು ಎತ್ತಿಕಟ್ಟಿದ. ಎದುರಾಳಿ ಹುಹಾನ್ಯೆ ಗೆದ್ದು ಆ ಹೊಸ ದೊರೆಯ ತಲೆ ಕಡಿಸಿದ. ಹಾನ್ ಚರಿತ್ರೆ ಈ ಮಗನನ್ನು ಹೆಸರಿಸುವುದಿಲ್ಲ. ಅಲ್ಲಿ ಅವನು ಬರಿಯ ಲಿ ಲಿಂಗ್‌ನ ಮಗ.